ನೆರೈದಾ ಅಕ್ಕನ ಹನ್ನೊಂದು ಗಂಟೆ

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಅಕ್ಕ ನೆರೈದಾ ಮೆಕ್ಸಿಕೋದ ಮೂವರು ಪ್ರೊಫೆಸರುಗಳ ಮುಂದೆ ತನ್ನ ಪ್ರಬಂಧವನ್ನು ಸಮರ್ಥಿಸಿಕೊಳ್ಳಬೇಕಿತ್ತು. ಮೊದಲು ನಮಗಿದ್ದ ಚಿಂತೆ ಕರೆಂಟಿನದೊಂದೇ. ಸೋಮವಾರ, ಅವರು ಕಳಿಸಿದ್ದ ವಿಡಿಯೋ ಸಭೆಯ ಕೊಂಡಿಯನ್ನು ಒತ್ತಿದಾಗ, ನಿಮ್ಮ ದೇಶದಲ್ಲಿ ಈ ಸೇವೆ ಇಲ್ಲ ಎಂಬ ಒಂದು ಸಾಲು ಬಂತು. ಕ್ಯೂಬಾದವರಿಗೆ ಅದೇನು ಹೊಸದಲ್ಲ. ಆದರೂ ಅವತ್ತು ಅಕ್ಕ ಊಟ ಮಾಡಲಿಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಅವಳ ಕಣ್ಣು ಹೋಯಿತು. ಈಗ ನಲವತ್ತನಾಲ್ಕು. ಕಮಗ್ವೇ ಊರಿನ ಅಂಧ ಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಹಲಗೆಗೆ ಮೊಳೆ ಹೊಡೆದು, ನೂಲು ಸುತ್ತಿ, ತ್ರಿಕೋನವನ್ನೂ ವೃತ್ತವನ್ನೂ ಬೆರಳಿಗೆ ಕಾಣಿಸುವುದು ಅವಳದೇ ದಾರಿ. ಅದರ ಬಗ್ಗೆಯೇ ಮೂರು ವರ್ಷ ಕೂತು ಪ್ರಬಂಧ ಬರೆದಿದ್ದಳು. ಬರೆದದ್ದು ನಮ್ಮ ಹಜಾರದ ಹಳೆಯ ಕಂಪ್ಯೂಟರಿನಲ್ಲಿ. ಅದರಲ್ಲಿರುವ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಪರದೆಯನ್ನು ಓದಿ ಹೇಳುವ ಧ್ವನಿ ಅದರ ಜೊತೆಗೆ ಪುಕ್ಕಟೆಯಾಗಿ ಬರುತ್ತದೆ. ಆ ಧ್ವನಿಯನ್ನು ಅಕ್ಕ ಎಷ್ಟು ವೇಗಕ್ಕೆ ಇಟ್ಟುಕೊಂಡಿದ್ದಾಳೆಂದರೆ, ಬಿಸಿ ಬಾಣಲೆಗೆ ನೀರು ಚಿಮುಕಿಸಿದ ಸದ್ದಿನ ಹಾಗೆ ನಮಗೆ ಕೇಳುತ್ತದೆ.

ಕಷ್ಟಕ್ಕೆ ಒದಗಿದವಳು ಅದೇ ದೂರಶಿಕ್ಷಣದ ಸಹಪಾಠಿ ರೆನಾತಾ. ಅವಳಿರುವುದು ಮೆಕ್ಸಿಕೋದ ಪ್ವೆಬ್ಲಾದಲ್ಲಿ. ತನ್ನ ಮನೆಯ ಕಂಪ್ಯೂಟರಿನಲ್ಲಿ ವಿಪಿಎನ್ ಸರ್ವರ್ ಒಂದನ್ನು ಎಬ್ಬಿಸಿದಳು. ನಮ್ಮ ಯಂತ್ರ ಗುಟ್ಟಿನ ಸುರಂಗದಲ್ಲಿ ಅವಳ ಮನೆಗೆ ಹೋಗಿ, ಅಲ್ಲಿಂದ ಇಂಟರ್ನೆಟ್ಟಿನ ಬೀದಿಗಿಳಿಯಬೇಕು. ಆಗ ನೋಡಿದವರಿಗೆ ನಾವು ಪ್ವೆಬ್ಲಾದವರು. ಸುರಂಗದ ಬೀಗದ ಕೈಯಂಥ ಒಂದು ಫೈಲು ಗುರುವಾರ ಬೆಳಿಗ್ಗೆ ಎಂಟಕ್ಕೆ ನನ್ನ ಫೋನಿಗೆ ಬಂತು. ರಾತ್ರಿಯೆಲ್ಲ ಇಲ್ಲದ ಕರೆಂಟೂ ಆಗಲೇ ಬಂದಿತ್ತು.

ಎದುರು ಮನೆಯ ಎವೆಲಿಯೋನನ್ನು ಕರೆದೆ. ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತನಾದವನು. ಊರಿಗೆ ಬೇಕಾದ ಪ್ರೋಗ್ರಾಮುಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ತುಂಬಿ ಕೊರಳಿಗೆ ಕಟ್ಟಿಕೊಂಡು ಓಡಾಡುತ್ತಾನೆ.

"ಬಾ ಎವೆಲಿಯೋ, ಕಾಫಿ ಇದೆ," ಎಂದಳು ಅಮ್ಮ.

"ಕಾಫಿನೋ, ಹುರಿದ ಬಟಾಣಿ ಪುಡಿನೋ?"

"ಎರಡೂ ಇದೆ. ಸುಮ್ನೆ ಕುಡಿ."

ಪೆನ್‌ಡ್ರೈವಿನಿಂದ ವಿಪಿಎನ್ ಪ್ರೋಗ್ರಾಮನ್ನು ಹಾಕಿದ್ದಾಯಿತು. ಫೋನಿನಿಂದ ಫೈಲನ್ನು ವೈರಿನಲ್ಲಿ ದಾಟಿಸಿ, ಅದೇ ಫೋನಿನ ಇಂಟರ್ನೆಟ್ಟನ್ನೂ ಯಂತ್ರಕ್ಕೆ ಕೊಟ್ಟೆ. ಉಳಿದದ್ದೆಲ್ಲ ಅಕ್ಕನ ಕೆಲಸ. ಅವಳಿಗೆ ಮೌಸು ಬೇಡ, ಚಿತ್ರ ಬೇಡ. ಕಪ್ಪು ಪರದೆಯಲ್ಲಿ ಒಂದೊಂದೇ ಸಾಲು ಆಜ್ಞೆ ಬರೆದು ಉತ್ತರ ಕೇಳಿಸಿಕೊಂಡರೆ ಸಾಕು. ಆಜ್ಞೆ ಬರೆದು ಎಂಟರ್ ಒತ್ತಿದಳು. ಧ್ವನಿ ಚಟಪಟ ಎಂದಿತು. ಅಕ್ಕನ ಹುಬ್ಬು ಗಂಟಾಯಿತು.

"ಏನಂತೆ?" ಎಂದೆ.

"ಫೈಲಿನೊಳಗಿನ ಪ್ರಮಾಣಪತ್ರ ಇನ್ನೂ ಊರ್ಜಿತ ಆಗಿಲ್ಲವಂತೆ."

"ಇನ್ನೂ ಅಂದ್ರೆ? ಯಾವಾಗ ಆಗುತ್ತಂತೆ, ಮಧ್ಯಾಹ್ನಕ್ಕಾ?" ಎಂದ ಎವೆಲಿಯೋ. 

ಮತ್ತೆ ಮಾಡಿದಳು. ಅದೇ ಮಾತು. ಯಂತ್ರವನ್ನು ಆರಿಸಿ ಹಚ್ಚಿದೆವು. ಅದೇ. ಒಂಬತ್ತೂಕಾಲಾಗಿತ್ತು. ನಾನು ಹಜಾರದಿಂದ ಅಂಗಳಕ್ಕೆ, ಅಂಗಳದಿಂದ ಹಜಾರಕ್ಕೆ ತಿರುಗುತ್ತಿದ್ದೆ.

"ಮೈಲೆನ್, ಒಂದು ಕಡೆ ಕೂತ್ಕೋ. ನಿನ್ನ ಚಪ್ಪಲಿ ಸದ್ದು ತಲೆ ತಿಂತಿದೆ," ಎಂದಳು ಅಕ್ಕ.

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ತಿರುಗಿದೆ.

"ತಪ್ಪು ಆ ರೆನಾತಾದು. ಫೈಲು ಮಾಡೋವಾಗ ಎಲ್ಲೋ ಎಡವಿದಾಳೆ," ಎಂದು ಎವೆಲಿಯೋ ತೀರ್ಪು ಕೊಟ್ಟ.

ನನಗೂ ಹಾಗೇ ಅನ್ನಿಸಿತು. ರೆನಾತಾಗೆ ಬರೆದೆ. ಪಾಪ, ಅವಳು ಎಲ್ಲ ಬಿಟ್ಟು ಹೊಸ ಪ್ರಮಾಣಪತ್ರ ಮಾಡಲು ಕೂತಳು. ಅದು ಬರುವ ಹೊತ್ತಿಗೆ ಹತ್ತು ದಾಟಿತ್ತು. ಅಕ್ಕ ಹಾಕಿದಳು. ಮತ್ತೆ ಅದೇ, ಇನ್ನೂ ಊರ್ಜಿತವಾಗಿಲ್ಲ.

ಅಕ್ಕ ಕೀಲಿಮಣೆಯನ್ನು ಮುಂದಕ್ಕೆ ತಳ್ಳಿದಳು.

"ಪ್ರೊಫೆಸರುಗಳಿಗೆ ಬರೆದುಬಿಡು. ಆಗಲ್ಲ ಅಂತ ಬರಿ."

"ಇನ್ನೂ ಮುಕ್ಕಾಲು ಗಂಟೆ ಇದೆ, ಅಕ್ಕಾ."

"ಇಪ್ಪತ್ತೈದು ವರ್ಷ ಬಾಗಿಲು ತಟ್ಟೋದೇ ಆಯ್ತು, ಮೈಲೆನ್. ಕೈ ನೋಯುತ್ತೆ."

ಅಮ್ಮ ಆರಿಸುತ್ತಿದ್ದ ಕಪ್ಪು ಹುರುಳಿಯ ತಟ್ಟೆಯನ್ನು ಕೆಳಗಿಟ್ಟು ಬಂದಳು. ಸಮಾಧಾನ ಹೇಳುವ ಅಭ್ಯಾಸ ಅವಳಿಗಿಲ್ಲ.

"ನಂಗೂ ಕೇಳೋ ಹಾಗೆ ಓದಿಸು ಅದನ್ನ. ಬೈದರೆ ಏನು ಅಂತ ಬೈತಿದೆ, ನೋಡೇಬಿಡೋಣ."

"ನಿಂಗೇನು ಅರ್ಥ ಆಗುತ್ತಮ್ಮ?"

"ಓದಿಸೇ."

ಅಕ್ಕ ಸಿಡುಕಿನಿಂದಲೇ ಧ್ವನಿಯ ವೇಗ ತಗ್ಗಿಸಿದಳು. ಯಂತ್ರ ಮನುಷ್ಯರ ಹಾಗೆ ನಿಧಾನವಾಗಿ, ಪ್ರತಿ ಸಾಲನ್ನೂ ಮೊದಲ ಪದದಿಂದ ಓದತೊಡಗಿತು. ಎರಡು ಸಾವಿರದ ಒಂಬತ್ತು, ಜನವರಿ ಒಂದು. ಆಮೇಲೆ ದೂರು. ಮತ್ತೆ, ಎರಡು ಸಾವಿರದ ಒಂಬತ್ತು, ಜನವರಿ ಒಂದು.

"ನಿಲ್ಲಿಸು. ಎರಡು ಸಾವಿರದ ಒಂಬತ್ತು ಯಾಕೆ?" ಎಂದಳು ಅಮ್ಮ. "ಆಗಿನ್ನೂ ನಿಮ್ಮಪ್ಪ ಬದುಕಿದ್ದ."

ಅಕ್ಕನ ಬೆರಳುಗಳು ಗಾಳಿಯಲ್ಲೇ ನಿಂತವು. ಪ್ರತಿ ಸಾಲಿನ ತಲೆಗೂ ತಾರೀಕು ಇರುವುದು ಅವಳಿಗೆ ಗೊತ್ತು. ಗೊತ್ತಿದ್ದೇ ಅದನ್ನು ಹಾರಿಸಿ, ಮುಂದಿನ ಮಾತಿಗೆ ಕಿವಿ ಕೊಡುವ ರೂಢಿ ಬೆಳೆದಿತ್ತು. ಕಣ್ಣಿದ್ದ ನಾವಿಬ್ಬರೂ ಅಷ್ಟೇ. ಪರದೆಯ ಮೂಲೆಯಲ್ಲಿ ಗಡಿಯಾರ ಎರಡು ಗಂಟೆ ತೋರಿಸುತ್ತಿದ್ದದ್ದನ್ನು ನಾನು ನೋಡಿದ್ದೆ. ಕರೆಂಟು ಹೋಗಿ ಬಂದ ಮೇಲೆ ನಮ್ಮ ಮನೆಯಲ್ಲಿ ಯಾವ ಗಡಿಯಾರವೂ ನಿಜ ಹೇಳುವುದಿಲ್ಲವೆಂದು ಸುಮ್ಮನಿದ್ದೆ.

"ಕರೆಂಟಿಲ್ಲದಾಗ ಗಡಿಯಾರ ನಡೆಸೋ ಗುಂಡಿ ಬ್ಯಾಟರಿ ಸತ್ತಿದೆ," ಎಂದು ಎವೆಲಿಯೋ ಹಣೆ ಚಚ್ಚಿಕೊಂಡ. "ಯಂತ್ರಕ್ಕೆ ಇವತ್ತು ಯಾವ ತಾರೀಕು ಅಂತಾನೇ ಗೊತ್ತಿಲ್ಲ."

"ರೆನಾತಾ ಇವತ್ತು ಮಾಡಿದ್ದು ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ," ಎಂದಳು ಅಕ್ಕ. ಒಂದು ಸಾಲು ಬರೆದು ತಾರೀಕು, ಗಂಟೆ ತಿದ್ದಿದಳು. ಮತ್ತೆ ಆಜ್ಞೆ. ಈ ಸಲ ಧ್ವನಿ ಬಹಳ ಹೊತ್ತು ಮಾತಾಡಿತು. ಕೊನೆಗೆ, ಸಂಪರ್ಕ ಪೂರ್ಣವಾಯಿತು ಎಂದಿತು.

ಹತ್ತು ಐವತ್ತು. ಅಮ್ಮ ಆಗಲೇ ಅಕ್ಕನ ಕೂದಲು ಬಾಚುತ್ತಿದ್ದಳು.

ಸಭೆ ತೆರೆಯಿತು. ಚಿತ್ರ ತಡವರಿಸುತ್ತಿತ್ತು, ಮಾತು ಮಾತ್ರ ಸ್ಪಷ್ಟ. ಅಕ್ಕ ನಲವತ್ತು ನಿಮಿಷ ಮಾತಾಡಿದಳು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು.  ನಾವು ಮೂವರು ಚರ್ಚೆ ಮಾಡಿ ತಿಳಿಸುತ್ತೇವೆ, ಐದು ನಿಮಿಷ ಕಾಯಿರಿ ಎಂದರು ಪ್ರೊಫೆಸರುಗಳು. ಮೂರನೇ ನಿಮಿಷಕ್ಕೆ ಕರೆಂಟು ಹೋಯಿತು.

ಪರದೆ ಕತ್ತಲಾಯಿತು. ಬೀದಿಯ ಟವರಿಗೂ ಕರೆಂಟಿಲ್ಲದೆ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಎವೆಲಿಯೋ ನನ್ನ ಫೋನನ್ನು ಹಿಡಿದು ಮಾಳಿಗೆ ಹತ್ತಿದ, ಇಳಿದ, ಮತ್ತೆ ಹತ್ತಿದ. ಅಕ್ಕ ಗೋಡೆ ಮುಟ್ಟುತ್ತ ಅಂಗಳದ ಉದ್ದಕ್ಕೂ ನಡೆದಳು. ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಮಾಳಿಗೆಯಿಂದ ಅವನ ದನಿ ಬಂತು.

"ರೆನಾತಾ ಧ್ವನಿ ಸಂದೇಶ ಕಳಿಸಿದಾಳೆ. ಕೇಳಿ."

ಅಲ್ಲಿಂದಲೇ ಜೋರಾಗಿ ಹಾಕಿದ. ನೀವು ಸಿಗದೆ ಅವರು ನನಗೆ ಹೇಳಿದರು, ಮೂವರೂ ಒಪ್ಪಿದ್ದಾರೆ, ವಿಶೇಷ ಪ್ರಶಂಸೆಯೊಂದಿಗೆ ಒಪ್ಪಿದ್ದಾರೆ ಎನ್ನುತ್ತ ರೆನಾತಾ ಅಳುತ್ತಿದ್ದಳು. ಅಮ್ಮನೂ ಕೂತಲ್ಲೇ ಉಡುಪಿನ ತೋಳಿನಲ್ಲಿ ಮುಖ ಒರೆಸಿಕೊಂಡಳು. ಅಕ್ಕ ಅಳಲಿಲ್ಲ, ನಗಲಿಲ್ಲ. ತನ್ನ ಕೋಲಿಗೆ ಕೈ ಹಾಕಿದಳು.

"ನಡಿ ಮೈಲೆನ್, ಎರಡೂವರೆಗೆ ಆರನೇ ತರಗತಿ ಇದೆ."

"ಇವತ್ತೂನಾ?"

"ಮಕ್ಕಳು ಕಾಯ್ತಿರ್ತಾರೆ."

ಬಿಸಿಲಿನಲ್ಲಿ ಅವಳು ನನ್ನ ಮೊಣಕೈ ಹಿಡಿದು ನಡೆಯುತ್ತಿದ್ದರೂ ಎಳೆದುಕೊಂಡು ಹೋದವಳು ಅವಳೇ. ನಾನು ಓಡುನಡಿಗೆಯಲ್ಲಿದ್ದೆ. ಚೌಕದ ತಿರುವಿನಲ್ಲಿ ತಟ್ಟನೆ ನಿಂತಳು.

"ನಾನು ಮಾತಾಡೋವಾಗ ಅವರ ಮುಖ ಹೇಗಿತ್ತೇ? ಸುಳ್ಳು ಹೇಳ್ಬೇಡ."

"ಚಿತ್ರ ಸರಿಯಾಗಿ ಬರ್ತಿರ್ಲಿಲ್ಲ. ಆದರೆ ನೂಲಿನ ವೃತ್ತದ ವಿಷಯ ಹೇಳ್ದೆ ನೋಡು, ಆಗ ಮಧ್ಯದಲ್ಲಿದ್ದವರು ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡರು. ಬೆರಳನ್ನ ಮೇಜಿನ ಮೇಲೆ ದುಂಡಗೆ ಆಡಿಸ್ತಿದ್ರು."

 ಅಕ್ಕ ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಮೊದಲಿಗಿಂತ ಜೋರಾಗಿ ಹೆಜ್ಜೆ ಹಾಕಿದಳು.