ನೀಲಿ ತೇಪೆ

ಅಮದಳ್ಳಿಯ ಹಳ್ಳ ಸಮುದ್ರ ಸೇರುವ ಅಳಿವೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಏಳೆಂಟು ಜನ ಕೆಸರಿಗಿಳಿದು ಕಸ ಹೆಕ್ಕುತ್ತಾರೆ. ಮೊದಮೊದಲು ಊರೆಲ್ಲ ನಕ್ಕಿತು. ಮೀನು ಮಾರುವ ಸುಗಂಧಾ ಎಲ್ಲರಿಗಿಂತ ಜೋರಾಗಿ ನಕ್ಕವಳು. ಗಂಡ ತುಳಸಿದಾಸ ತೀರಿಕೊಂಡ ಮೇಲೆ ಭಾನುವಾರದ ಮನೆ ಅವಳನ್ನು ತಿನ್ನತೊಡಗಿತು. ಒಂದು ದಿನ ಸೀರೆ ಎತ್ತಿ ಕಟ್ಟಿ ತಾನೂ ಇಳಿದಳು. ಇಳಿದವಳು ಸುಮ್ಮನಿರುವ ಪೈಕಿಯೇ? ಗುಂಪು ಕಟ್ಟಿದ ಜಗದೀಶ ಮಾಸ್ತರರಿಗೇ ಕೆಸರಿನಲ್ಲಿ ಕಾಲಿಡುವುದು ಹೇಗೆಂದು ಕಲಿಸಿದಳು.

ಅವಳನ್ನು ಅಲ್ಲಿಗೆ ಅಂಟಿಸಿದ್ದು ಒಂದು ನೀರುನಾಯಿ. ಮೂಗಿನ ಮೇಲೆ ಬಿಳಿ ಕಲೆಯಿದ್ದ ಹೆಣ್ಣು. ಈ ವರ್ಷ ಎರಡು ಮರಿ ಹಾಕಿತ್ತು. ಹಿಡಿದ ಮೀನನ್ನು ಅಳಿವೆಯ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಮೇಲೆ ಕೂತು ತಿನ್ನುವಾಗ ಯಾರನ್ನೂ ಲೆಕ್ಕಕ್ಕಿಡುತ್ತಿರಲಿಲ್ಲ. ಚೌಕಾಶಿ ಮಾಡದ ಗಿರಾಕಿ ಎಂದರೆ ಇದೊಂದೇ ಎಂದು ಸುಗಂಧಾ ಹೇಳುತ್ತಿದ್ದಳು.

ಹೊಸದಾಗಿ ನೆಟ್ಟ ಕಾಂಡ್ಲಾ ಸಸಿಗಳನ್ನು ದನ ಮೇಯದಂತೆ ಬೇಲಿ ಬೇಕಾದಾಗ ಅವಳು ಗಂಡನ ಬಲೆಯನ್ನೇ ಹೊತ್ತು ತಂದಳು. ಬಿಸಿಲಿಗೆ ನೂಲು ಸತ್ತಿದ್ದ ಹಳೆಯ ಬಲೆ. ನಡುವೆ ಮಾತ್ರ ಮೊರದಗಲದ ನೀಲಿ ತೇಪೆ. ಕೊನೆಯ ಕಾಯಿಲೆಯಲ್ಲಿ ಹಾಸಿಗೆಯ ಮೇಲೆ ಕೂತು ತುಳಸಿದಾಸ ಹೆಣೆದದ್ದು. ಎಲ್ಲರೂ ಒಂದು ಗಂಟು ಹಾಕುವಲ್ಲಿ ಅವನು ಎರಡು ಹಾಕುತ್ತಿದ್ದ. "ಒಂದು ಮೀನಿಗೆ, ಇನ್ನೊಂದು ನಿನ್ನ ಬಾಯಿಗೆ" ಎಂದು ಹೆಂಡತಿಯನ್ನು ಛೇಡಿಸುತ್ತಿದ್ದ.

ಮೇ ತಿಂಗಳ ಕೊನೆಗೆ ಮಾಸ್ತರರು ಹೇಳಿದ್ದರು, "ಸುಗಂಧಕ್ಕಾ, ಮಳೆನೀರಿಗೆ ಈ ಬೇಲಿ ನಿಲ್ಲೂದಿಲ್ಲ. ಬಲೆ ತುಂಡು ಮಾಡಿ ಒಂದೊಂದು ಸಸಿಗೆ ಸುತ್ತುವಾ."

"ಕತ್ತಿ ತಾಗ್ಸಿದ್ರೆ ನೋಡಿ ಮಾಸ್ತರ್ರೆ! ನಮ್ಮವ್ರ ಕೈ ಅದೆ ಅದ್ರಲ್ಲಿ. ಗೂಟ ನಾನೇ ಬಿಗಿ ಮಾಡ್ತೆ."

ಮಾಡಿದಳು. ಜುಲೈ ತಿಂಗಳ ನೆರೆ ಬಲೆಯನ್ನು ಗೂಟಸಮೇತ ಕಿತ್ತುಕೊಂಡು ಹೋಯಿತು. ಅವರ ಬಲೆ ಅವರ ಸಮುದ್ರಕ್ಕೇ ಸೇರಿತು ಎಂದು ಸುಗಂಧಾ ಸಮಾಧಾನ ಮಾಡಿಕೊಂಡಳು.

ಸಮುದ್ರಕ್ಕೆ ಸೇರಿರಲಿಲ್ಲ. ಸೆಪ್ಟೆಂಬರಿನ ಒಂದು ಭಾನುವಾರ, ನೀರು ಇಳಿದಿದ್ದಾಗ, ಗುಂಪಿನ ಗಂಗೂ ಆಚೆ ದಡದಿಂದ ಚೀರಿದಳು. ಕಾಂಡ್ಲಾ ಬೇರುಗಳಿಗೆ ಸುತ್ತಿಕೊಂಡ ಬಲೆಯೊಳಗೆ ನೀರುನಾಯಿ ಸತ್ತು ಬಿದ್ದಿತ್ತು. ಮೂಗಿನ ಮೇಲೆ ಬಿಳಿ ಕಲೆ.

ಮಾಸ್ತರರು ಬಲೆಯ ಅಂಚು ಹಿಡಿದೆತ್ತಿದರು. "ಹರ್ದ ಬಲೆ ಎಲ್ಲಾ ತಂದು ಇಲ್ಲೇ ಎಸೀತಾರೆ. ನಿನ್ನೆ ಕಿಶೋರನ ದೋಣಿ ಇಲ್ಲೇ ಇತ್ತಲ್ಲ? ಇವತ್ತೇ ಕೇರಿಗೆ ಹೋಗಿ ನಾಲ್ಕು ಜನರ ಎದುರು ಕೇಳ್ತೆ ಅವ್ನಿಗೆ."

ಕಿಶೋರ ಸುಗಂಧಾಳ ಮೈದುನನ ಮಗ, ಪಾಪದವನು. ಕೆಸರು ಮೆತ್ತಿದ ಬಲೆ ಯಾರದ್ದಾದರೂ ಆಗಬಹುದಿತ್ತು. ಸುಗಂಧಾ ಬಗ್ಗಿ ಒಂದು ಬೊಗಸೆ ನೀರು ಹಾಕಿ ತಿಕ್ಕಿದಳು. ನೀಲಿ ಕಂಡಿತು. ಕೈಯಲ್ಲೇ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಚ್ಚಿಯೂ ಮುಚ್ಚಿದಳು, ಒಂದು ಗಳಿಗೆ.

"ಕಿಶೋರಂದಲ್ಲ ಮಾಸ್ತರ್ರೆ," ಎಂದು ಕೈ ತೆಗೆದಳು. "ನಮ್ದು. ನಾನೇ ಕಡಿಯೂಕೆ ಬಿಡ್ಲಿಲ್ಲ."

ಯಾರಾದರೂ ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಮಾಸ್ತರರು ಕತ್ತಿ ಹಿಡಿದು ಪಕ್ಕದಲ್ಲಿ ಕೂತರು. "ನೀಲಿ ಅಷ್ಟು ಬಿಟ್ಟು ಕಡೀತೆ ಅಕ್ಕಾ. ಅದನ್ನ ನೀವು ಮನೆಗೆ ತಕಂಡು ಹೋಗಿ."

ಸುಗಂಧಾ ಕತ್ತಿಯನ್ನು ಕಸಿದುಕೊಂಡಳು. ಕೆಸರಿನಲ್ಲೇ ಕೂತು ನೀರುನಾಯಿಯ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಆಗ ಕಂಡಿತು. ಸುತ್ತಲಿನ ಹಳೆಯ ನೂಲನ್ನೆಲ್ಲ ಅದು ಕಚ್ಚಿ ಹರಿದು ಹಾಕಿತ್ತು. ಮುಂಗಾಲೆರಡೂ ಹೊರಗೆ ಬಂದಿದ್ದವು. ಕುತ್ತಿಗೆ ಸಿಕ್ಕಿದ್ದು ನೀಲಿ ತೇಪೆಯಲ್ಲಿ. ಅಲ್ಲಿಯ ಗಂಟುಗಂಟಿನ ಮೇಲೂ ಹಲ್ಲಿನ ಗುರುತಿತ್ತು. ಒಂದು ಗಂಟೂ ಬಿಚ್ಚಿರಲಿಲ್ಲ.

ಗಂಡ ಸತ್ತ ದಿನವೂ ಅಳದ ಹೆಂಗಸು ಈಗ ಎಲ್ಲರೆದುರು ಗೋಳೋ ಎಂದು ಅತ್ತಳು. ಅಳುತ್ತಲೇ ತೇಪೆಯನ್ನು ಒಂದೊಂದೇ ಗಂಟಾಗಿ ಕತ್ತರಿಸಿದಳು, ಪೂರ್ತಿ, ಬೆರಳಗಲವೂ ಉಳಿಸದೆ.

"ಇಷ್ಟು ಗಟ್ಟಿ ಯಾಕೆ ಹಾಕಿದ್ರಿ," ಎಂದಳು, ಇಲ್ಲದ ಗಂಡನಿಗೆ.

ಕಾಂಡ್ಲಾ ಗಿಡಗಳೊಳಗಿಂದ ಮರಿಗಳು ಸಿಳ್ಳು ಹಾಕಿ ತಾಯಿಯನ್ನು ಕರೆಯುತ್ತಲೇ ಇದ್ದವು.