ನೋಡಿ ಕಲಿತದ್ದು

"ಈ ಕಾಗದಾ ನೀವ ಕೊಟ್ಟೀರೇನ್ರಿ ಅಕ್ಕಾರ?"

ಕುರ್ಚಿ ತೋರಿಸಿದರೂ ನಾಗಲಿಂಗ ಕೂರಲಿಲ್ಲ. ಎಡಗೈಯಲ್ಲಿದ್ದ ಐಟಿಐ ಪ್ರವೇಶದ ಒಪ್ಪಿಗೆ ಪತ್ರವನ್ನು ಪೂರ್ಣಿಮಾಳ ಮೇಜಿನ ಮೇಲಿಟ್ಟ. ಕೋರ್ಸು ಎಂಬಲ್ಲಿ ಅವನ ಮಗಳು ಮನಿಷಾ 'ಮೆಷಿನಿಸ್ಟ್' ಎಂದು ಬರೆದಿದ್ದಳು. ಪಾಲಕರ ಸಹಿಯ ಜಾಗ ಖಾಲಿ. ಕೊನೆಯ ದಿನ ನಾಳೆ.

"ಹೌದ್ರಿ, ನಾನ ಕೊಟ್ಟೇನಿ," ಎಂದಳು ಪೂರ್ಣಿಮಾ. ಖಾನಾಪುರದ ಆ ಹೈಸ್ಕೂಲಿನಲ್ಲಿ ಮಕ್ಕಳು ಮುಂದೇನು ಓದಬೇಕೆಂದು ಸಲಹೆ ಕೊಡುವುದು ಅವಳ ಕೆಲಸ. ಸೇರಿ ಎರಡು ವರ್ಷವಾಗಿತ್ತು.

ಚಳಿಗಾಲದಲ್ಲಿ ಹತ್ತನೆಯ ತರಗತಿಯ ಹುಡುಗಿಯರಿಗೆ ಚೀಟಿ ಹಂಚಿದ್ದಳು. ಏನಾಗಬೇಕು, ಆ ಕೆಲಸ ಮಾಡುವವರನ್ನು ಎಲ್ಲಿ ನೋಡಿದ್ದೀರಿ ಎಂಬ ಎರಡೇ ಪ್ರಶ್ನೆ. ಮೂವತ್ತೊಂದು ಚೀಟಿಗಳಲ್ಲಿ ಮೂರೇ ಉತ್ತರ: ಟೀಚರ್, ನರ್ಸ್, ಪೊಲೀಸ್. ಮಕ್ಕಳು ಕಂಡದ್ದನ್ನೇ ಬಯಸುತ್ತಾರೆ, ತಮ್ಮಂಥವರೊಬ್ಬರು ಮಾಡುವುದನ್ನು ಕಂಡು ತಾವೂ ಒಮ್ಮೆ ಮಾಡಿ ನೋಡಿದರೆ ತಮ್ಮಿಂದಾಗುತ್ತದೆಂಬ ಧೈರ್ಯ ಬರುತ್ತದೆ ಎಂದು ಅವಳು ಬಿ.ಎಡ್.ನಲ್ಲಿ ಓದಿದ್ದಳು. ಅದಕ್ಕೇ ಹುಡುಗಿಯರನ್ನು ಬೆಳಗಾವಿಯ ಒಂದು ವರ್ಕ್‌ಶಾಪಿಗೆ ಕರೆದೊಯ್ದಿದ್ದಳು. ಅಲ್ಲಿ ಯಂತ್ರ ನಡೆಸುತ್ತಿದ್ದ ಸೃಷ್ಟಿಯ ಪಕ್ಕದಿಂದ ಮನಿಷಾ ಕದಲಿರಲಿಲ್ಲ.

"ಮಕ್ಕಳು ನೋಡಿ ಕಲೀತಾವ್ರಿ," ಎಂದಳು.

ನಾಗಲಿಂಗ ಕಿಸೆಯಿಂದ ಬಲಗೈ ತೆಗೆದು ಪತ್ರದ ಮೇಲಿಟ್ಟ. ತೋರುಬೆರಳು, ನಡುಬೆರಳು ಬುಡದಿಂದಲೇ ಇರಲಿಲ್ಲ.

"ಮಶೀನ ತಿಂದ ಈ ಕೈನ ಹತ್ತ ವರ್ಷದಿಂದ ನೋಡಾಕತ್ತಾಳ. ಇದರಿಂದ ಏನ ಕಲತಿ ಅಂತ ಕೇಳಿದ್ರೇನ್ರಿ?"

ಪೂರ್ಣಿಮಾ ಕೇಳಿರಲಿಲ್ಲ. ಶಾಲೆಯ ದಾಖಲೆಯಲ್ಲಿ ತಂದೆಯ ಕಸುಬು, ಊರು ಎಂಬಲ್ಲಿ 'ಕುರಿ ಸಾಕಣೆ, ಗುಂಜಿ' ಎಂದಷ್ಟೇ ಇತ್ತು.

ಬಾಗಿಲಲ್ಲಿ ನಿಂತಿದ್ದ ಮನಿಷಾ ಒಳಗೆ ಬಂದಳು. "ಅಪ್ಪಾ, ನಾ ಅಲ್ಲಿ ಮೊದಲ ಕೇಳಿದ್ದ ಅದನ್ನ. ಬೆರಳ ಹೋಗ್ತಾವೇನಕ್ಕಾ ಅಂತ. ಅದಕ್ಕ ಗಾಜಿನ ಬಾಗಲಾ ಐತಿ, ತಗದ್ರ ಮಶೀನ ನಿಂದರತೈತಿ."

"ತೋರಸಾಕ ಹಂಗ ಇಟ್ಟಿರ್ತಾರ. ನೀ ಆರ್ಟ್ಸ್ ತಗೊ."

"ಒಲ್ಲೆ."

ಪೂರ್ಣಿಮಾ ಎದ್ದು ನಿಂತು, "ನನ್ನ ತಪ್ಪ ಆತ್ರಿ, ಮೊದಲ ನಿಮ್ಮನ್ನ ಕೇಳಬೇಕಿತ್ತು. ಒಮ್ಮೆ ಬಂದು ನೀವ ನೋಡ್ರಿ. ಬ್ಯಾಡ ಅಂದ್ರ ನಾ ಮತ್ತ ಮಾತಾಡೂದಿಲ್ಲ," ಎಂದಳು.

ಅಂದೇ ಮಧ್ಯಾಹ್ನ ಬೆಳಗಾವಿಯ ರೈಲಿನಲ್ಲಿ ತಂದೆ ಒಂದು ಕಿಟಕಿಗೆ, ಮಗಳು ಇನ್ನೊಂದಕ್ಕೆ ಕೂತರು.

ವರ್ಕ್‌ಶಾಪಿನ ಬಾಗಿಲಲ್ಲಿ ಎಣ್ಣೆ, ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿದೊಡನೆ ನಾಗಲಿಂಗ ನಿಂತುಬಿಟ್ಟ. ಪೂರ್ಣಿಮಾ ಮುಂದೆ ಹೋಗಲೂ ಆಗದೆ, ಕರೆಯಲೂ ಆಗದೆ ಕಾದಳು. ಅವನೇ ಒಳಗೆ ಕಾಲಿಟ್ಟ.

ಸೃಷ್ಟಿ ಯಂತ್ರ ನಡೆಸಿ ತೋರಿಸಿದಳು. ಗಾಜಿನ ಬಾಗಿಲ ಹಿಂದೆ ಕಬ್ಬಿಣದ ತುಂಡು ಗಿರ್ರನೆ ತಿರುಗುತ್ತಿತ್ತು. ನಾಗಲಿಂಗ ಎಡಗೈಯಿಂದ ಬಾಗಿಲೆಳೆದ. ಯಂತ್ರ ನಿಂತಿತು. ಮತ್ತೆ ಶುರು ಮಾಡಿಸಿ ಎಳೆದ, ನಿಂತಿತು. ಮೂರನೆಯ ಸಲವೂ ಹಾಗೇ ಆಯಿತು.

"ತಂಗೀ, ಖರೇ ಹೇಳು. ಕೆಲಸ ಲಗೂ ಆಗ್ಲಿ ಅಂತ ಈ ನಿಂದರೂದನ್ನ ಬಂದ್ ಮಾಡ್ಸಿ ಬಾಗಲಾ ತಗದು ನಡಸಾಕ ಹಚ್ಚತಾರೋ ಇಲ್ಲೋ?"

ಸೃಷ್ಟಿ ಪೂರ್ಣಿಮಾಳ ಕಡೆ ನೋಡಿದಳು. ಹೌದೆಂದರೆ ಎಲ್ಲ ಮುಗಿಯುತ್ತದೆಂದು ಪೂರ್ಣಿಮಾಳಿಗೆ ಗೊತ್ತಿತ್ತು. ಆದರೂ, "ಇದ್ದಿದ್ದ ಹೇಳು," ಎಂದಳು.

"ಹಚ್ಚತಾರ್ರಿ ಅಣ್ಣಾರ. ಇಲ್ಲೂ ಒಮ್ಮೆ ಸೂಪರ್‌ವೈಸರ್ ಹೇಳಿದ್ರು. ನಾ ಒಲ್ಲೆ ಅಂದ್ನಿ. ಎರಡ ದಿನ ಮನಿಗೆ ಕಳಿಸಿದ್ರು. ಆಮ್ಯಾಲ ಅವರ ಕರದ್ರು."

ನಾಗಲಿಂಗ ತನ್ನ ಬಲಗೈ ನೋಡಿಕೊಂಡ. "ನಾ ಹೂಂ ಅಂದಿದ್ನಿ," ಎಂದ. ಬಳಿಕ ಮಗಳ ಕಡೆ ತಿರುಗಿ, "ಇಕಿ ಅಂದಂಗ ನಿನಗ ಒಲ್ಲೆ ಅನ್ನಾಕ ಬರತೈತೇನು?" ಎಂದು ಕೇಳಿದ.

"ಮುಂಜಾನಿ ನಿನಗ ಅಂದ್ನಲ್ಲಪ್ಪಾ."

ಅವನು ನಗಲಿಲ್ಲ. ಸ್ಟೇಶನ್ನಿನ ಬೆಂಚಿನ ಮೇಲೆ ಪೆನ್ನು ಕೇಳಿ, ಎಡಗೈಯಿಂದ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ. ಪೂರ್ಣಿಮಾ ಪತ್ರವನ್ನು ಮಡಿಸದೆ ಪುಸ್ತಕದೊಳಗಿಟ್ಟುಕೊಂಡಳು.

ಮರಳುವಾಗ ತಂದೆ ಮಗಳು ಒಂದೇ ಸೀಟಿನಲ್ಲಿ ಕೂತಿದ್ದರು. ರೈಲು ಬಿಟ್ಟ ಸ್ವಲ್ಪ ಹೊತ್ತಿಗೆ ನಾಗಲಿಂಗ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, "ಅವತ್ತ ಶುಕ್ರವಾರ ಇತ್ತು. ನೀ ಇನ್ನೂ ಅಂಗನವಾಡಿಗೆ ಹೋಗ್ತಿದ್ದಿ," ಎಂದು ತಡೆತಡೆದು ಹೇಳತೊಡಗಿದ.

ಪೂರ್ಣಿಮಾ ಎದ್ದು ಹೋಗಿ ಬೋಗಿಯ ಬಾಗಿಲ ಹತ್ತಿರ ನಿಂತಳು. ಹೊರಗೆ ಆಗಷ್ಟೇ ನಾಟಿ ಮಾಡಿದ ಗದ್ದೆಗಳಲ್ಲಿ ನೀರು ಹೊಳೆಯುತ್ತಿತ್ತು. ಬದುವಿನ ಮೇಲೊಬ್ಬಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ರೈಲು ದಾಟುವುದನ್ನು ಕಾಯುತ್ತಿದ್ದಳು.