ಕಿಸೆಯೊಳಗಿನ ವೈರು

“ಏ ಹಲ್ಕಟ್, ಕೈ ಹಿಂದ ತಗೀ! ಟ್ಯಾಬಿಗೆ ಕುರಿ ಹಿಕ್ಕಿ ಹತ್ತೀತು!”

ಶಾಲಾ ಕಮಿಟಿಯ ಅಧ್ಯಕ್ಷ ಶಂಕರಲಿಂಗಗೌಡನ ಗಂಟಲು ಅಂದರೆ ಗಂಟಲು. ಅವನೊಮ್ಮೆ ಕೂಗಿದರೆ ಇಲಕಲ್ಲಿನ ಗಣಿಯಲ್ಲಿ ಮದ್ದಿಲ್ಲದೆ ಬಂಡೆ ಸೀಳಬೇಕು. ಮಹಾದೇವಿ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಬೆಳಗ್ಗೆಯಷ್ಟೇ ಬೂದಿ ಹಚ್ಚಿ ತಿಕ್ಕಿದ ಕೈ.

ಮುಂದಿನ ಸಾಲಿನ ಮಕ್ಕಳ ತೊಡೆಯ ಮೇಲೆ ಟ್ಯಾಬುಗಳು ಮಿನುಗುತ್ತಿದ್ದವು. ಟ್ಯಾಬು ಹೆಡ್‌ಫೋನಿನಿಂದ ಕಿವಿಯಲ್ಲಿ ಒಂದು ಸಾಲು ಓದಿ ಹೇಳುತ್ತದೆ, ಮಕ್ಕಳು ತಿರುಗಿ ಓದಬೇಕು. ಸರಿಯಾದರೆ ಪರದೆಯ ಮೇಲೆ ನವಿಲು ಕುಣಿಯುತ್ತದೆ. ಹಿಂದೆ ಕೂತ ಮಹಾದೇವಿ ಇಲ್ಲಿಯವರೆಗೆ ಕಂಡದ್ದು ನವಿಲಿನ ಬಾಲ ಮಾತ್ರ, ಅದೂ ಬೇರೆಯವರ ಭುಜದ ಸಂದಿಯಿಂದ.

ಮಂದೆಯ ಜೊತೆ ಊರೂರು ಅಲೆಯುವವಳಿಗೆ ಈ ಶಾಲೆ ಪುಕ್ಕಟೆ ಸಿಕ್ಕಿರಲಿಲ್ಲ. ರಾತ್ರಿ ಹೊಲದಲ್ಲಿ ಕುರಿ ತರುಬಿ ಮಲಗಿಸಿದರೆ ನೆಲಕ್ಕೆ ಗೊಬ್ಬರ. ಅದಕ್ಕೆ ಹೊಲದವರು ಜೋಳ ಅಳೆದು ಕೊಡುವುದು ರೂಢಿ. ಗೌಡ ಅಳೆಯಲಿಲ್ಲ. “ಜ್ವಾಳ ಯಾಕಲೇ ಮಾಳಿಂಗ್ಯಾ? ನಿನ್ನ ಮಗಳ್ನ ಟ್ಯಾಬಿನ ಮುಂದ ಕುಂಡ್ರಸ್ತೇನಿ. ಓದಾಕ ಕಲೀತಾಳ,” ಎಂದಿದ್ದ. ಅಪ್ಪ ಮಾಳಿಂಗರಾಯ ಎರಡೂ ಕೈ ಎತ್ತಿ ಮುಗಿದಿದ್ದ. ಅಂದಿನಿಂದ ಬಿಡಾರದ ರೊಟ್ಟಿ ತೆಳ್ಳಗಾಗುತ್ತ ಹೋಗಿ, ಕಣ್ಣಿಗೆ ಹಿಡಿದರೆ ಆಚೆ ಬಾದಾಮಿ ಗುಡ್ಡ ಕಾಣುವಷ್ಟಾಗಿತ್ತು.

ಇವತ್ತು ಫೋಟೊ ತೆಗೆಸಲು ಟ್ಯಾಬು ಕೊಡಿಸಿದ ಸಾಹೇಬರು ಬರುವವರಿದ್ದರು.

“ಈಕಿ ಬರಿ ತಲೀಲೆ ಕುಂತ್ರ ಛಂದ ಕಾಣಂಗಿಲ್ಲ. ಏನರ ಹಾಕ್ರಿ ಅಕ್ಕಾರ,” ಅಂದ ಗೌಡ.

ಪಾಠ ಹೇಳುವ ಭುವನೇಶ್ವರಿ ಅಕ್ಕಾರು ಒಂದು ಹೆಡ್‌ಫೋನು ತಂದು ಅವಳ ತಲೆಗೆ ಸಿಕ್ಕಿಸಿದರು. ವೈರಿನ ತುದಿಯನ್ನು ಅವಳ ಲಂಗದ ಕಿಸೆಯೊಳಗೆ ತುರುಕಿದರು. “ತುಟಿ ಅಷ್ಟ ಅಲಗಾಡ್ಸವ್ವಾ,” ಎಂದರು, ಮುಖ ನೋಡದೆ.

ಕಿವಿ ಮುಚ್ಚಿದ್ದೇ ಲೋಕ ಆಚೆ ಸರಿಯಿತು. ಎಲ್ಲರ ಬಾಯಿ ಆಡುತ್ತಿದ್ದವು. ನಗು ಬರೀ ಹಲ್ಲಾಗಿ ಕಾಣುತ್ತಿತ್ತು. ರಾಮಥಾಳದ ಬಯಲಲ್ಲಿ ಒಬ್ಬಳೇ ಮರಿ ಕಾಯುವಾಗ ಗಾಳಿಯಾದರೂ ಮಾತಿಗೆ ಬರುತ್ತಿತ್ತು. ಇಲ್ಲಿ ಅದೂ ಇಲ್ಲ.

ಫೋಟೊದವನ ಜೊತೆ ಬಂದ ಸಾಹೇಬರು ಬಾಗಿ ಅವಳ ಒಂದು ಕಿವಿ ಬಿಡಿಸಿದರು. “ಏನು ಕೇಳ್ತಾ ಇದೀಯಾ ಪುಟ್ಟಿ?”

“ಭಾಳ ಶ್ಯಾಣೆ ಅದಾಳ್ರಿ ಸಾಹೇಬ್ರ!” ಗೌಡ ನಡುವೆ ಬಾಯಿ ಹಾಕಿದ.

ಮಹಾದೇವಿ ಕಿಸೆಯಿಂದ ವೈರು ಎಳೆದಳು. ತುದಿಗೆ ಉಣ್ಣೆಯ ಎಳೆ ಸುತ್ತಿಕೊಂಡು ಬಂತು. ಅದನ್ನು ಸಾಹೇಬರ ಮುಖದ ಮುಂದೆ ಹಿಡಿದಳು.

“ಏನೂ ಕೇಳವಲ್ದುರಿ. ನಮ್ಮ ಕುರಿ ಅಷ್ಟ ದಿನಾ ಗೌಡ್ರ ಹೊಲ್ದಾಗ ಹಿಕ್ಕಿ ಹಾಕ್ತಾವ್ರಿ.”

ಸಾಹೇಬರು ನೆಟ್ಟಗಾಗಿ ಫೋಟೊದವನ ಕಡೆ ತಿರುಗಿದರು. “ಮುಂದಿನ ಸಾಲು ಸಾಕು ಬಿಡಪ್ಪ.”

ಹೊತ್ತು ಇಳಿಯುವಾಗ, ಮಗಳಿಂದ ಎಲ್ಲ ಕೇಳಿದ ಮಾಳಿಂಗರಾಯ ಗೌಡನ ಹೊಲದಲ್ಲಿ ಕುರಿ ತರುಬುವ ಬಲೆಯ ಗೂಟ ಕೀಳುತ್ತಿದ್ದ. ಗೌಡ ಬದುವಿನ ಮೇಲೆ ಬಂದು ನಿಂತ.

“ಇನ್ನೂ ಅರ್ಧ ಹೊಲ ಗೊಬ್ಬರಿಲ್ದ ಉಳದೈತಲೇ ಬೋಳಿಮಗನ! ಮಗಳ್ನ ಶಾಲಿಂದ ತಗದ್ ಒಗೀತೇನಿ ನೋಡು!”

“ಆಕಿ ಅದರಾಗ ಯಾವಾಗ ಇದ್ದಳ್ರಿ, ತಗ್ಯಾಕ?”

ಬಲೆ ಸುತ್ತಿ ಹೆಗಲಿಗೆ ಹಾಕಿ ಮಂದೆಯನ್ನು ಹುನಗುಂದದ ದಾರಿಗೆ ಹೊಡೆದ.

ಮಹಾದೇವಿ ಹಿಂದುಳಿದಳು. ರಸ್ತೆ ಬದಿಯ ಮೈಲಿಗಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕರಿ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಕುರಿಗಳ ಸದ್ದು ದೂರವಾಗುತ್ತ ಹೋಯಿತು. ಅವಳ ತುಟಿ ಅಲುಗುತ್ತಿದ್ದವು, ಧ್ವನಿಯಿರಲಿಲ್ಲ. ಅಲ್ಲಿ ಯಾರೂ ಫೋಟೊ ತೆಗೆಯುತ್ತಿರಲಿಲ್ಲ.